ಕೊರಡು ಹಾಯ್ದ ಹೊಲ

“ಅಜ್ಜಾರ, ಬೆಳೆಯೋ ಸಿರಿ ಮೊಳಕ್ಯಾಗ ಅಂತಾರಲ್ಲ, ಆ ಮಾತು ಸುಳ್ಳೇನ್ರಿ?”

ಮಠದ ಗುರುಗಳನ್ನು ಹೀಗೆ ಕೇಳಿದವಳು ನೀಲಮ್ಮ. ಮಠದ ಆಶ್ರಯದಲ್ಲಿ ಓದಿ ಬೆಳೆದ ಹುಡುಗಿ. ಪಿಯುಸಿ ಪರೀಕ್ಷೆಯಲ್ಲಿ ತಾಲೂಕಿಗೇ ಮೊದಲು ಬಂದಿದ್ದಳು. ಆ ಅಂಕಗಳ ಬಲದಿಂದಲೇ ದೊಡ್ಡ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಸೀಟು ಸಿಕ್ಕಿತ್ತು. ಅಲ್ಲಿಯ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲೇ ನಪಾಸಾದಳು. ಇನ್ನು ಓದು ಸಾಕೆಂದು ನಿಶ್ಚಯಿಸಿ, ಹಾಸ್ಟೆಲಿನಲ್ಲಿದ್ದ ಸಾಮಾನೆಲ್ಲ ಟ್ರಂಕಿಗೆ ತುಂಬಿಕೊಂಡು ಮಠಕ್ಕೆ ಬಂದಿದ್ದಳು. ಟ್ರಂಕು ಬಾಗಿಲ ಬಳಿಯೇ ಇತ್ತು.

“ಊರವರೆಲ್ಲ ನನ್ನ ನೋಡಿ ಅದೇ ಮಾತು ಅಂದಿದ್ರು. ಈಗ ಅಲ್ಲಿ ಪಾಠ ತಲೀಗೇ ಹತ್ತವಲ್ದು. ಆ ಅಂಕ ಸುಳ್ಳೋ, ನಾನ ಸುಳ್ಳೋ?”

ಗುರುಗಳು ಟ್ರಂಕಿನ ಕಡೆ ಒಮ್ಮೆ ನೋಡಿದರು. ಸಿಟ್ಟೂ ಬಂತು, ಮರುಕವೂ ಬಂತು. “ಕೂಡು ತಂಗಿ, ಒಂದು ಕತಿ ಕೇಳು” ಎಂದು ಶುರು ಮಾಡಿದರು.

ಒಬ್ಬ ರೈತನಿದ್ದ. ರಾಗಿ ಬೆಳೆಯುತ್ತಿದ್ದ. ಆ ಸೀಮೆಯಲ್ಲಿ ರಾಗಿಯನ್ನು ಎರಚಿ ಬಿತ್ತುವುದಿಲ್ಲ. ಮೊದಲು ಮಡಿಯಲ್ಲಿ ಸಸಿ ಬೆಳೆಸುತ್ತಾರೆ. ಆಮೇಲೆ ಗಟ್ಟಿ ಸಸಿಗಳನ್ನಷ್ಟೇ ಆರಿಸಿ ಹೊಲದಲ್ಲಿ ನೆಡುತ್ತಾರೆ. ಅವು ಬೇರು ಬಿಟ್ಟು ಎದ್ದು ನಿಂತ ಮೇಲೆ ಎತ್ತು ಹೂಡಿ, ಕೊರಡು ಎಂಬ ಉದ್ದನೆಯ ಮರದ ತುಂಡನ್ನು ಸಸಿಗಳ ಮೇಲೆಯೇ ಎಳೆಯುತ್ತಾರೆ. ಸಸಿ ನೆಲಕ್ಕೆ ಮಲಗುತ್ತದೆ.

ಆ ವರ್ಷ ರೈತ ಆರಿಸಿ ನೆಟ್ಟ ಸಸಿಗಳು ನೋಡುವಂತಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ಇವು ಹೆಗ್ಗಣವಲ್ಲ, ನಿಜವಾಗಿಯೂ ಚೆಂದವಿದ್ದವು. ದಾರಿಯಲ್ಲಿ ಹೋಗುವವರು ನಿಂತು ಹೊಗಳುತ್ತಿದ್ದರು. ಕೊರಡು ಎಳೆಯುವ ದಿನ ಬಂದರೂ ರೈತ ಎತ್ತು ಹೂಡಲಿಲ್ಲ.

“ಮಡಿಯಾಗ ಇವೇ ಮ್ಯಾಲು ಅಂತ ಆರಿಸಿ ತಂದೀನಿ. ಇಂಥವುಕ್ಕೂ ಕೊರಡೇನು?” ಅಂದ.

ಹೆಂಡತಿ ಬಿಡಲಿಲ್ಲ. “ಗಟ್ಟಿ ಅದಾವಂತನ ಕೊರಡು ಎಳೀಬೇಕು. ನರಪೇತಲ ಸಸಿ ಮ್ಯಾಲ ಯಾರು ಎಳೀತಾರ? ನೀವು ಮುದ್ದು ಮಾಡಿಕೋತ ಕುಂದರ್ರಿ” ಎಂದು ತಾನೇ ಎತ್ತು ಹೂಡಿದಳು. ಅರ್ಧ ಹೊಲ ಮುಗಿಯುವಷ್ಟರಲ್ಲಿ ಗಂಡ ಎತ್ತಿನ ಮುಂದೆ ಬಂದು ಹಗ್ಗ ಹಿಡಿದು ನಿಂತುಬಿಟ್ಟ. ಉಳಿದರ್ಧ ಹಾಗೆಯೇ ಉಳಿಯಿತು.

ಮರುದಿನ ರೈತ ಹೊಲಕ್ಕೆ ಹೋದ. ಕೊರಡು ಹಾಯ್ದ ಸಸಿಗಳು ಬಾಡಿ ಮಲಗಿದ್ದವು. ಸತ್ತವೆಂದು ತಿಳಿದ. ಇವನ್ನು ಕಿತ್ತು, ಮಡಿಯಲ್ಲಿ ಮಿಕ್ಕಿದ್ದ ಸಸಿಗಳನ್ನೇ ನೆಡೋಣವೆಂದು ಬಗ್ಗಿದ. ಒಂದು ಸಾಲು ಕಿತ್ತೂ ಬಿಟ್ಟ. ಅಷ್ಟರಲ್ಲಿ ಹೆಂಡತಿ ಓಡಿ ಬಂದು ಅವನ ಕೈ ಹಿಡಿದಳು. “ಎಲಿ ನೋಡಬ್ಯಾಡ್ರಿ, ಬೇರು ನೋಡ್ರಿ” ಅಂದಳು. ಕೈಯಲ್ಲಿದ್ದ ಸಸಿಯ ಬೇರು ಬೆಳ್ಳಗೆ, ಹಸಿಯಾಗಿ, ಮಣ್ಣು ಕಚ್ಚಿ ಹಿಡಿದಿತ್ತು. ರೈತ ಕೀಳುವುದನ್ನು ನಿಲ್ಲಿಸಿದ. ಮಡಿಯಲ್ಲಿ ಮಿಕ್ಕಿದ್ದ ಸಸಿಗಳನ್ನು ತಂದು ಕಿತ್ತ ಸಾಲಿಗೆ ನೆಟ್ಟ. ಅವು ಹಿಡಿಯಲಿಲ್ಲ.

ಸುಗ್ಗಿ ಬಂತು. ಕೊರಡು ತಾಗದ ಅರ್ಧದಲ್ಲಿ ಪೈರು ಎತ್ತರಕ್ಕೇನೋ ಬೆಳೆದಿತ್ತು, ಆದರೆ ತೆನೆ ಅಲ್ಲೊಂದು ಇಲ್ಲೊಂದು. ಕೊರಡು ಹಾಯ್ದ ಅರ್ಧದಲ್ಲಿ ಬಿದ್ದ ಸಸಿಗಳೆಲ್ಲ ಎದ್ದಿದ್ದವು. ಒಂದೊಂದು ಬುಡದಿಂದಲೂ ಹೊಸ ಕವಲುಗಳು ಹೊರಟು, ಕವಲಿಗೊಂದು ತೆನೆ ತೂಗುತ್ತಿತ್ತು. ನಡುವೆ ಒಂದು ಸಾಲು ಮಾತ್ರ ಬರಿದಾಗಿತ್ತು. ಅದನ್ನು ಕೊರಡು ಕೆಡಿಸಿರಲಿಲ್ಲ. ರೈತನ ಕೈ ಕಿತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

“ಹಂಗಾದ್ರ ನನ್ನ ಅಂಕ?” ಅಂದಳು ನೀಲಮ್ಮ.

“ಅವು ಸುಳ್ಳಲ್ಲ. ನಿನ್ನನ್ನ ಮಡಿಯಿಂದ ಹೊಲಕ್ಕ ತಂದು ಮುಟ್ಟಿಸ್ಯಾವ. ಅಲ್ಲಿಗೆ ಅವುಗಳ ಕೆಲಸ ಮುಗೀತು.”

ಗುರುಗಳು ಎದ್ದು ಬಾಗಿಲವರೆಗೆ ಹೋದರು. ಟ್ರಂಕನ್ನು ಕೋಲಿನಿಂದ ಮೆಲ್ಲಗೆ ತಟ್ಟಿದರು.

“ಇದನ್ನ ತುಂಬಿದ್ದು ಯಾರ ಕೈ, ತಂಗಿ?”