ಇಂಜಿನ್ ಬಾಗಿಲಿಗೆ ಯಾವ ತಗಡು

ಹೊಳೆಯ ದಂಡೆಯಲ್ಲಿ ವಿಮಾನ ಇಳಿಯುವ ಒಂದು ಹಳೆಯ ಮಣ್ಣಿನ ಪಟ್ಟಿ, ಅದರ ಅಂಚಿಗೊಂದು ಶೆಡ್ಡು. ಅಲ್ಲಿ ಅರಸು ಮೇಷ್ಟ್ರು ಇದ್ದರು. ಒಂದು ಕಾಲಕ್ಕೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರಾಟ ಕಲಿಸಿದವರು, ನಿವೃತ್ತರಾದ ಮೇಲೆ ಸ್ವಂತ ಕೈಯಿಂದ ವಿಮಾನ ಕಟ್ಟುವ ಹುಚ್ಚರಿಗೆ ಗುರುವಾದರು.

ಹುಚ್ಚರು ಬಹಳ ಮಂದಿ ಬಂದರು. ಅರ್ಧ ರೆಕ್ಕೆ ಕಟ್ಟುವಷ್ಟರಲ್ಲಿ ಹುಚ್ಚು ಬಿಟ್ಟು ಮನೆಗೆ ಹೋದರು. ಕೊನೆಗೆ ಉಳಿದವಳು ಚಂಪಕಾ ಒಬ್ಬಳೇ.

ಚಂಪಕಾ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಡಾಕ್ಟರು. ಮಕ್ಕಳು ಹುಟ್ಟುವುದಕ್ಕೆ ಹೊತ್ತು ಗೊತ್ತು ಇಲ್ಲವಲ್ಲ, ಅವಳ ಊಟ ನಿದ್ದೆಗೂ ಇರಲಿಲ್ಲ. ತಟ್ಟೆ ಮುಂದೆ ಕೂತರೆ ಕರೆ, ಕಣ್ಣು ಮುಚ್ಚಿದರೆ ಕರೆ, ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೇ ಬಂದು ಕರೆಯುವರು.

"ನಿನಗ್ಯಾಕೆ ತಾಯಿ ವಿಮಾನ?" ಎಂದು ಮೇಷ್ಟ್ರು ಮೊದಲ ದಿನವೇ ಕೇಳಿದ್ದರು.

"ಯಾರೂ ಕರೆಯದ ಜಾಗದಲ್ಲಿ ಒಂದು ಗಂಟೆ ಇರಬೇಕು ಮೇಷ್ಟ್ರೇ."

"ಅದಕ್ಕೆ ಫೋನು ಆಫ್ ಮಾಡಿದ್ರೆ ಸಾಕಲ್ಲ."

"ಆಫ್ ಮಾಡೋಕೆ ಮನಸ್ಸು ಬರಲ್ಲ. ಮೇಲೆ ಹೋದ್ರೆ ಯಾರು ಬಂದು ಬಾಗಿಲು ಬಡೀತಾರೆ?"

ಮೇಷ್ಟ್ರು ಅವಳ ಕೈಗೆ ಒಂದು ಸುತ್ತಿಗೆ ಕೊಟ್ಟರು.

ವರ್ಷಗಳು ಹೋದವು. ಸಿಕ್ಕ ಸಿಕ್ಕ ಬಿಡುವಿನಲ್ಲಿ ಬಂದು, ಒಂದೊಂದೇ ರಿವೆಟ್ಟು ಹೊಡೆದು, ಚಂಪಕಾ ಎರಡು ಸೀಟಿನ ವಿಮಾನ ಕಟ್ಟಿದಳು. ರೆಕ್ಕೆ ಆಯಿತು, ಬಾಲ ಆಯಿತು, ಇಂಜಿನ್ನೂ ಕೂತಿತು. ಉಳಿದದ್ದು ಇಂಜಿನ್ ಹೊದಿಕೆಯ ಮೇಲಿನ ಒಂದು ಪುಟ್ಟ ಬಾಗಿಲು. ಅದನ್ನು ತೆರೆದರೆ ಒಳಗಿನ ಆಯಿಲ್ ಕಡ್ಡಿ ಎಳೆದು ನೋಡಬಹುದು, ಇಂಜಿನ್ ಮೇಲೆ ಕಣ್ಣಾಡಿಸಬಹುದು. ತಟ್ಟೆಯಗಲದ ಬಾಗಿಲು, ಅಷ್ಟೇ.

ಆನೆಯೇ ದಾಟಿತ್ತು, ಬಾಲ ಸಿಕ್ಕಿಕೊಂಡಿತು.

"ಮೇಷ್ಟ್ರೇ, ಬಾಗಿಲಿಗೆ ಯಾವ ತಗಡು ಒಳ್ಳೇದು?"

"ಯಾವ ಸೀರೆ ಒಳ್ಳೇದು?"

"ಎಲ್ಲಿಗೆ ಉಡ್ತೀವಿ ಅನ್ನೋದರ ಮೇಲೆ ಹೋಗುತ್ತೆ."

"ಉತ್ತರ ಗೊತ್ತಿದ್ದೂ ನನ್ನ ಕೇಳ್ತೀಯಲ್ಲ," ಎಂದು ಮೇಷ್ಟ್ರು ಕುರ್ಚಿಗೆ ಒರಗಿದರು.

ಚಂಪಕಾ ಮೆದು ಅಲ್ಯೂಮಿನಿಯಂ ತಗಡು ಆರಿಸಿಕೊಂಡಳು. ದಣಿದ ಕೈಗೆ ಅದು ಹಿತವಾಗಿತ್ತು. ಹೇಳಿದ ಹಾಗೆ ಬಗ್ಗುತ್ತದೆ, ಮೆಲ್ಲಗೆ ತಟ್ಟಿದರೂ ರೂಪಕ್ಕೆ ಬರುತ್ತದೆ. ಒಂದು ಮಧ್ಯಾಹ್ನಕ್ಕೆಲ್ಲ ಬಾಗಿಲು ತಯಾರು. ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಒತ್ತಿ ತಿರುಗಿಸುವ ಚಿಲಕ.

ವಿಮಾನದ ಬಾಲವನ್ನು ಹೊಂಗೆ ಮರಕ್ಕೆ ಹಗ್ಗದಿಂದ ಕಟ್ಟಿ ಇಂಜಿನ್ ಓಡಿಸಿದರು. ಮುಂದಿನ ಕಿಂಡಿಗಳಿಂದ ನುಗ್ಗಿದ ಗಾಳಿ ಹೊದಿಕೆಯ ಒಳಗೆ ತುಂಬಿತು. ಬಾಗಿಲು ನಡುವೆ ಪೂರಿಯ ಹಾಗೆ ಉಬ್ಬಿತು. ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತು.

ಮೇಷ್ಟ್ರು ಕೈಸನ್ನೆ ಮಾಡಿ ಇಂಜಿನ್ ನಿಲ್ಲಿಸಿದರು.

"ನೆಲದ ಮೇಲೇ ಇಷ್ಟು ಬಾಯಿ ಬಿಡ್ತು. ಮೇಲೆ ಹೋದಾಗ ಆ ಸಂದಿನಲ್ಲಿ ಗಾಳಿ ಕೈ ಹಾಕುತ್ತೆ. ಕಿತ್ತುಕೊಂಡು ಹೋಗಿ ನಿನ್ನ ಮುಖದ ಮುಂದಿನ ಗಾಜಿಗೋ ಹಿಂದಿನ ಬಾಲಕ್ಕೋ ಬಡಿಯುತ್ತೆ."

"ಹಾಗಾದ್ರೆ ಗಟ್ಟಿ ತಗಡು ತರ್ತೀನಿ."

"ತಾ."

ಗಟ್ಟಿ ಜಾತಿಯ ಅಲ್ಯೂಮಿನಿಯಂ ಬಂತು. ಅದಕ್ಕೆ ಸೊಕ್ಕು ಹೆಚ್ಚು. ಬಗ್ಗಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ, ಜಾಸ್ತಿ ಒತ್ತಿದರೆ ಮುನಿಸಿಕೊಳ್ಳುತ್ತದೆ. ಆವತ್ತು ಚಂಪಕಾ ಕಷ್ಟದ ಎರಡು ಹೆರಿಗೆ ಮುಗಿಸಿ ಬಂದಿದ್ದಳು. ಕಣ್ಣು ಉರಿಯುತ್ತಿತ್ತು. ಬಾಗಿಲಿನ ಅಳತೆಗೆ ಕತ್ತರಿಸಿದ ರಟ್ಟನ್ನು ತಗಡಿನ ಮೇಲಿಟ್ಟು ನೋಡಿದಳು. ಉದ್ದಕ್ಕೆ ಇಟ್ಟರೆ ತಗಡು ದಂಡವಾಗುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಒಂದು ತುಂಡು ಉಳಿಯುತ್ತದೆ. ತಿರುಗಿಸಿದಳು, ಕತ್ತರಿಸಿದಳು, ಅಂಚು ಮಡಿಸಿದಳು.

ಮಡಿಕೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಮೂಡಿತು.

ಅವಳು ತಗಡನ್ನು ನೆಲಕ್ಕೆ ಹಾಕಿ ಅಲ್ಲೇ ಕುಸಿದು ಕೂತಳು. ಅಳು ಬಂತು. ಒಂದು ತಟ್ಟೆಯಗಲದ ಬಾಗಿಲಿಗೆ ಅಳುವಂತಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಮೇಷ್ಟ್ರು ಏನೂ ಕಾಣದವರ ಹಾಗೆ, "ಊಟಕ್ಕೆ ಬಾ," ಎಂದರು.

ಬಾಳೆ ಎಲೆಯಲ್ಲಿ ಅನ್ನ ಸಾರು. ಉಂಡಾದ ಮೇಲೆ ಮೇಷ್ಟ್ರು ತಮ್ಮ ಎಲೆಯನ್ನು ಎಳೆಗೆ ಅಡ್ಡವಾಗಿ ಮಡಿಸಿದರು. ಎಲೆ ಮಡಚಿಕೊಂಡಿತು. ಬಿಡಿಸಿ, ಎಳೆಯ ಗುಂಟ ಮಡಿಸಿದರು. ಎಲೆ ಸಳಕ್ಕನೆ ಸೀಳಿತು.

"ತಗಡಿಗೂ ಎಳೆ ಇರುತ್ತೆ ಅಂತ ಹೇಳಿದ್ದೆ."

"ಹೇಳಿದ್ರಿ. ಗೊತ್ತಿತ್ತು ಮೇಷ್ಟ್ರೇ. ಅಡ್ಡಕ್ಕೆ ಇಟ್ಟಾಗ ಮಡಿಕೆ ಎಳೆಯ ಗುಂಟ ಬರುತ್ತೆ ಅನ್ನೋದೂ ಗೊತ್ತಿತ್ತು. ಸುಸ್ತಾಗಿತ್ತು, ಏನೂ ಆಗಲ್ಲ ಬಿಡು ಅನ್ನಿಸ್ತು."

"ಹೂಂ."

ಅಷ್ಟೇ ಅಂದು ಮೇಷ್ಟ್ರು ಎಲೆ ಎತ್ತಿಕೊಂಡು ಹೋದರು. ಇನ್ನೂ ಏನಾದರೂ ಹೇಳುತ್ತಾರೆಂದು ಚಂಪಕಾ ಕಾದಳು. ಅವರು ಕೈ ತೊಳೆದು ಚಾಪೆಯ ಮೇಲೆ ಅಡ್ಡಾದರು.

ಅಷ್ಟರಲ್ಲಿ ಮುಂಗಾರು ಹತ್ತಿರ ಬಂತು. ಒಮ್ಮೆ ಮಳೆ ಹಿಡಿಯಿತೆಂದರೆ ಆ ಮಣ್ಣಿನ ಪಟ್ಟಿ ಕೆಸರುಗದ್ದೆ. ದಸರೆಯವರೆಗೆ ಗಾಲಿ ಉರುಳುವ ಮಾತಿಲ್ಲ. ಅಷ್ಟು ದಿನ ಕಾಯುವ ಶಕ್ತಿ ತನ್ನಲ್ಲಿ ಉಳಿದಿಲ್ಲ ಎಂದು ಚಂಪಕಾಗೆ ಅನ್ನಿಸಿತು. ಈ ಸಲ ಹಾರದಿದ್ದರೆ ತಾನೂ ಉಳಿದ ಹುಚ್ಚರ ಹಾಗೆ ಮನೆಗೆ ಹೋಗಿಬಿಡುತ್ತೇನೆ ಎಂಬ ಹೆದರಿಕೆ ಅವಳಿಗೆ ಹೊಕ್ಕಿತು.

ಮುಂದಿನ ವಾರ ಅವಳು ತಂದದ್ದು ಸ್ಟೀಲ್ ತಗಡು. ದಪ್ಪನೆಯದು. ಕೀಲನ್ನೂ ಕಿತ್ತಳು, ಚಿಲಕವನ್ನೂ ಕಿತ್ತಳು. ತಗಡನ್ನು ಕಿಂಡಿಯ ಮೇಲಿಟ್ಟು ಸುತ್ತಲೂ ಒತ್ತೊತ್ತಾಗಿ ಸ್ಕ್ರೂ ಬಿಗಿದಳು.

ಮರಕ್ಕೆ ಕಟ್ಟಿ ಇಂಜಿನ್ ಓಡಿಸಿದರು. ಎಷ್ಟು ಜೋರು ಓಡಿಸಿದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ.

"ಹೇಗಿದೆ ಮೇಷ್ಟ್ರೇ?"

ಮೇಷ್ಟ್ರು ಅಂಗೈಯಿಂದ ತಟ್ಟಿ ನೋಡಿದರು. "ಗೋಡೆ ಚೆನ್ನಾಗಿದೆ."

ಚಂಪಕಾ ಅದನ್ನು ಹೊಗಳಿಕೆ ಎಂದೇ ತಿಳಿದಳು. ತಿಳಿಯಬೇಕು ಅಂತಲೇ ಇದ್ದಳಲ್ಲ.

"ಹಾಗಾದ್ರೆ ಬುಧವಾರ ಬೆಳಗ್ಗೆ ಹಾರ್ತೀನಿ. ರಜೆ ಹಾಕಿದೀನಿ. ಒಳ್ಳೆ ನಿದ್ದೆ ಮಾಡಿ ಬರ್ತೀನಿ."

"ಬಾ," ಎಂದರು ಮೇಷ್ಟ್ರು.

ರಜೆ ಹಾಕಿದ್ದು ಅವಳು, ಹೆರಿಗೆ ನೋವು ರಜೆ ಹಾಕಬೇಕಲ್ಲ. ಮಂಗಳವಾರ ಸಂಜೆ ಕರೆ ಬಂತು. ತಾಯಿ ಮಗು ಇಬ್ಬರನ್ನೂ ಉಳಿಸಿಕೊಳ್ಳುವಷ್ಟರಲ್ಲಿ ಬೆಳಕು ಹರಿಯಿತು. ಚಂಪಕಾ ಮನೆಗೂ ಹೋಗದೆ ನೇರ ಹೊಳೆ ದಂಡೆಗೆ ಬಂದಳು. ಆಕಾಶದ ಪಶ್ಚಿಮಕ್ಕೆ ಮೋಡ ಕವಿದಿತ್ತು. ಗಾಳಿ ಇನ್ನೂ ಎದ್ದಿರಲಿಲ್ಲ. ಇವತ್ತಲ್ಲದಿದ್ದರೆ ಇಲ್ಲ.

ಮೇಷ್ಟ್ರು ವಿಮಾನವನ್ನು ಶೆಡ್ಡಿನ ಹೊರಗೆ ತಳ್ಳಿ ನಿಲ್ಲಿಸಿದ್ದರು. ಅವಳ ಮುಖ ನೋಡಿದರು.

"ನಿದ್ದೆ?"

"ಆಯ್ತು ಮೇಷ್ಟ್ರೇ," ಎಂದಳು. ಸುಳ್ಳು ಸಲೀಸಾಗಿ ಬಂತು.

ಅವಳು ವಿಮಾನದ ಸುತ್ತ ಒಂದು ಸುತ್ತು ಬಂದಳು. ಗಾಲಿ ಒದ್ದು ನೋಡಿದಳು, ರೆಕ್ಕೆ ಅಲುಗಿಸಿದಳು. ಇಂಜಿನ್ ಹೊದಿಕೆಯ ಮುಂದೆ ಒಂದು ಗಳಿಗೆ ನಿಂತಳು. ಸ್ಕ್ರೂಗಳ ಸಾಲು ನೋಡಿಯೇ ತೋಳು ಭಾರವಾಯಿತು. ಮುಂದೆ ಹೋದಳು.

"ಒಳಗೆ ನೋಡಿದೆಯಾ?"

"ಭಾನುವಾರ ಓಡಿಸಿದ ಮೇಲೆ ಬಿಚ್ಚಿ ನೋಡಿದೀನಿ. ಆಯಿಲ್ ಸರಿಯಾಗಿದೆ. ಆಮೇಲೆ ಇಂಜಿನ್ ಓಡಿಸಿಲ್ಲ, ಎಲ್ಲಿ ಹೋಗುತ್ತೆ?"

"ಅದೂ ಸರಿಯೇ. ಯಾರೂ ಮುಟ್ಟಿಲ್ಲ ಅನ್ನು."

"ಯಾರು ಮುಟ್ತಾರೆ? ಅಷ್ಟು ಭದ್ರವಾಗಿದೆ."

ಮೇಷ್ಟ್ರು ತಲೆಯಾಡಿಸಿದರು. ಆಮೇಲೆ ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿದರು. ರೆಕ್ಕೆಯ ಮೇಲೆ ಮೊಣಕಾಲೂರಿ, ಉಸ್ಸಪ್ಪಾ ಎನ್ನುತ್ತಾ ಹತ್ತಿ, ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳತೊಡಗಿದರು.

ಚಂಪಕಾಗೆ ಅರ್ಥವಾಗಲಿಲ್ಲ. "ಇದೇನು ಮೇಷ್ಟ್ರೇ?"

"ನಾನೂ ಬರ್ತೀನಿ."

"ಮೊದಲ ಹಾರಾಟಕ್ಕೆ ಒಬ್ಬರೇ ಹೋಗಬೇಕು ಅಂತ ನೀವೇ ಹೇಳಿದ್ದು."

"ಹೇಳಿದ್ದೆ. ಏನಾದ್ರೂ ಆದ್ರೆ ಇಬ್ಬರು ಯಾಕೆ ಹೋಗಬೇಕು ಅಂತ. ನೀನು ಎಲ್ಲ ಸರಿಯಾಗಿದೆ ಅಂತೀಯಲ್ಲ, ಇನ್ನೇನು ಆಗುತ್ತೆ? ಹೂಂ, ಸ್ಟಾರ್ಟ್ ಮಾಡು."

ಅವಳು ಹತ್ತಿ ಕೂತಳು. ಇಂಜಿನ್ನಿನ ಕೀಲಿಕೈ ಹಿಡಿದಳು. ಮೇಷ್ಟ್ರು ಅವಳ ಕಡೆ ನೋಡಲಿಲ್ಲ. ಪಂಚೆಯ ನಿರಿಗೆ ಸರಿ ಮಾಡಿಕೊಂಡು, ಬಸ್ಸಿನಲ್ಲಿ ಕೂತವರ ಹಾಗೆ ಮುಂದಕ್ಕೆ ನೋಡುತ್ತಾ ಕೂತಿದ್ದರು. ಕತ್ತಿನ ಚರ್ಮ ಸಡಿಲವಾಗಿತ್ತು. ಬೆಲ್ಟು ಆ ಎದೆಗೆ ದೊಡ್ಡದಾಗಿತ್ತು.

ಚಂಪಕಾಳ ಕೈ ಕೀಲಿಯ ಮೇಲೇ ನಿಂತಿತು. ತಿರುಗಲಿಲ್ಲ.

"ಯಾಕೆ ತಾಯಿ?"

"ಒಂದ್ನಿಮಿಷ ಇರಿ ಮೇಷ್ಟ್ರೇ."

"ಮೋಡ ಬರ್ತಿದೆ."

"ಬರಲಿ."

ಅವಳು ಕೆಳಗಿಳಿದು ಸ್ಕ್ರೂಡ್ರೈವರ್ ತಂದಳು. ಒಂದೊಂದೇ ಸ್ಕ್ರೂ ಬಿಚ್ಚಿದಳು. ಬಿಚ್ಚಿದ್ದು ಮಣ್ಣಿಗೆ ಬಿದ್ದು ಹುಡುಕಬೇಕಾಯಿತು. ತನ್ನ ಮೇಲೇ ಸಿಟ್ಟು ಬಂತು, ತಗಡಿನ ಮೇಲೆ ಸಿಟ್ಟು ಬಂತು, ಬಸ್ಸಿನಲ್ಲಿ ಕೂತ ಹಾಗೆ ಕೂತಿರುವ ಮುದುಕನ ಮೇಲೂ ಬಂತು. ಕೊನೆಯ ಸ್ಕ್ರೂ ಬಂದ ಮೇಲೆ ಸ್ಟೀಲ್ ತಗಡು ಎತ್ತಿದಳು.

ಇಂಜಿನ್ ಕಾಣಲಿಲ್ಲ. ಒಣಹುಲ್ಲು ಕಂಡಿತು.

ತೆಂಗಿನ ನಾರು, ಬಣ್ಣದ ಪ್ಲಾಸ್ಟಿಕ್ ಚೂರು, ಹಿಡಿಹಿಡಿ ಹುಲ್ಲು. ಮುಂದಿನ ಗಾಳಿಕಿಂಡಿಯಿಂದ ನುಗ್ಗಿ, ಆ ಎರಡು ಮೂರು ದಿನದಲ್ಲೇ ಗೊರವಂಕ ಹಕ್ಕಿಗಳು ಇಂಜಿನ್ ಮೇಲೆ ಸಂಸಾರಕ್ಕೆ ಜಾಗ ಮಾಡಿಕೊಂಡಿದ್ದವು. ಮೊಟ್ಟೆ ಇನ್ನೂ ಇಟ್ಟಿರಲಿಲ್ಲ. ಹುಲ್ಲಿನ ಒಂದು ತುದಿ ಹೊಗೆ ಕೊಳವೆಗೆ ತಾಗಿಕೊಂಡೇ ಇತ್ತು.

ಇಂಜಿನ್ ಕಾದು, ಹೊಳೆ ದಾಟಿ, ಮರಗಳ ಮೇಲೆ ಹೋಗುವ ಹೊತ್ತಿಗೆ ಆ ಹುಲ್ಲಿಗೆ ಏನಾಗುತ್ತಿತ್ತು ಎಂದು ಚಂಪಕಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹೊದಿಕೆಗೆ ಹಣೆ ಆನಿಸಿ ನಿಂತುಬಿಟ್ಟಳು.

ಮೇಷ್ಟ್ರು ಬೆಲ್ಟು ಬಿಚ್ಚಿ ಮೆಲ್ಲಗೆ ಇಳಿದು ಬಂದರು. ಬಗ್ಗಿ ಒಳಗೆ ನೋಡಿದರು. ಅವರ ಮುಖದ ಬಣ್ಣವೂ ಇಳಿಯಿತು.

"ನಿಮಗೆ ಗೊತ್ತಿತ್ತಾ ಮೇಷ್ಟ್ರೇ?"

"ಇಲ್ಲ."

"ಗೂಡು ಇದೆ ಅಂತ ಗೊತ್ತಿಲ್ಲದೆ ಹತ್ತಿ ಕೂತ್ರಾ?"

"ನೀನು ನೋಡಿಲ್ಲ ಅಂತ ಗೊತ್ತಿತ್ತು."

ಅವಳು ಗೂಡಿನಿಂದ ಒಂದು ಹುಲ್ಲುಕಡ್ಡಿ ಎಳೆದು ತೆಗೆದಳು. "ನಾನು ಸ್ಟಾರ್ಟ್ ಮಾಡಿಬಿಟ್ಟಿದ್ರೆ?"

"ನಾನು ಕಲಿಸಿದ್ದು ಇಷ್ಟೇ ಅಂದುಕೊಂಡು ಜೊತೆಗೆ ಬರ್ತಿದ್ದೆ."

ಇಬ್ಬರೂ ಸೇರಿ ಹುಲ್ಲನ್ನು ಹಿಡಿಹಿಡಿಯಾಗಿ ತೆಗೆದು ಹೊಂಗೆ ಮರದ ಬುಡಕ್ಕೆ ಹಾಕಿದರು. ಮೇಲೆ ಕೊಂಬೆಯಲ್ಲಿ ಎರಡು ಗೊರವಂಕ ಕೂತು ವಟಗುಟ್ಟುತ್ತಿದ್ದವು. ಆಮೇಲೆ ವಿಮಾನವನ್ನು ಶೆಡ್ಡಿನೊಳಕ್ಕೆ ತಳ್ಳಿದರು. ಹಾರುವ ಮಾತು ಇಬ್ಬರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ತಗಡಿನ ಮಾಡಿನ ಮೇಲೆ ಮೊದಲ ಹನಿಗಳು ಬಿದ್ದವು.

ಚಂಪಕಾ ಗೋಡೆಗೆ ಒರಗಿ ಕೂತಳು. ದಸರೆ ಬಹಳ ದೂರ ಇತ್ತು. ಆದರೂ ಮನೆಗೆ ಹೋಗಿಬಿಡಬೇಕು ಅಂತ ಅನ್ನಿಸಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

"ನಿದ್ದೆ ಮಾಡಿದೆ ಅಂತ ಸುಳ್ಳು ಹೇಳಿದೆ ಮೇಷ್ಟ್ರೇ."

"ಹೂಂ. ನಿನ್ನ ಕಣ್ಣು ನಿಜ ಹೇಳ್ತಿತ್ತು."

"ಮೆದು ತಗಡು ಉಬ್ಬಿತು. ಗಟ್ಟಿದು ಸೀಳಿತು. ಸ್ಟೀಲು ನಿಮ್ಮನ್ನೂ ನನ್ನನ್ನೂ ಸುಡ್ತಿತ್ತು. ಈಗಲಾದ್ರೂ ಬಾಯಿಬಿಟ್ಟು ಹೇಳಿ, ಯಾವ ತಗಡು ಆರಿಸಲಿ?"

ಮೇಷ್ಟ್ರು ಲೋಟಕ್ಕೆ ಟೀ ಬಗ್ಗಿಸಿ ಅವಳ ಮುಂದೆ ಇಟ್ಟರು. ತಮಗೂ ಬಗ್ಗಿಸಿಕೊಂಡು ಎದುರಿಗೆ ಕೂತರು.

ಚಂಪಕಾ ಕಣ್ಣುಜ್ಜಿಕೊಂಡಳು. "ಹೋಗಲಿ ಬಿಡಿ. ಈಗ ನನ್ನ ತಲೆ ಓಡ್ತಿಲ್ಲ, ಕೈ ಎತ್ತೋಕೂ ಆಗ್ತಿಲ್ಲ. ಎರಡು ದಿನ ಚೆನ್ನಾಗಿ ಮಲಗಿ ಎದ್ದು, ಭಾನುವಾರ ಹುಷಾರಾಗಿ ಬಂದು ಆರಿಸ್ತೀನಿ."

"ಬೇಡ ತಾಯಿ," ಎಂದರು ಮೇಷ್ಟ್ರು. "ಇವತ್ತಿನಷ್ಟೇ ಸುಸ್ತಾಗಿರೋ ದಿನ ಬಾ. ಬಾಗಿಲು ತೆರೀಬೇಕಾದ್ದು ಆ ಕೈಯೇ, ಆವತ್ತು ಆರಿಸು."