ಹಲ್ಲಿ ಒಪ್ಪಿದ ಕಲೆ

ಚಿತ್ರಶಾಲೆಯೊಂದರ ಅತಿ ದೊಡ್ಡ ಚಿತ್ರದ ಹಿಂದೆ ಒಂದು ಹಲ್ಲಿ ಬಿಡಾರ ಹೂಡಿತ್ತು. ವಿಮರ್ಶಕ ಚಿದಂಬರಯ್ಯನವರು ಆ ಚಿತ್ರವನ್ನು ಹೊಗಳುವಾಗಲೆಲ್ಲ ಅದು ಲೊಚಗುಟ್ಟುತ್ತಿತ್ತು. ನೆರೆದವರು, "ಕೃಷ್ಣ ಕೃಷ್ಣ, ಹಲ್ಲಿಯೂ ನುಡಿಯಿತು, ಮಾತು ಸತ್ಯ" ಎಂದು ತಲೆದೂಗುತ್ತಿದ್ದರು. ಹಲ್ಲಿಗೆ ಕೊಂಬು ಬಂತು. ತಾನು ಹೂಂ ಎನ್ನದೆ ಲೋಕದಲ್ಲಿ ಕಲೆಯೇ ಇಲ್ಲ ಎಂದುಕೊಂಡಿತು.

ಒಂದು ದಿನ ಪತಂಗವೊಂದು ಅದರ ಬಾಯಿಗೆ ಎಟಕುವಷ್ಟು ಹತ್ತಿರ ಸಿಕ್ಕಿತು.

"ತಿನ್ನುವುದಿದ್ದರೆ ತಿನ್ನಿ ಸ್ವಾಮಿ," ಎಂದಿತು ಪತಂಗ. "ಸಾಯುವ ಮುನ್ನ ಒಂದು ತಿಳಿಯಬೇಕು. ಈ ಚಿತ್ರದಲ್ಲಿ ಏನಿದೆ?"

"ಯಾರು ನೋಡಿದ್ದಾರೆ?" ಎಂದಿತು ಹಲ್ಲಿ. "ಒಪ್ಪಿಗೆ ಕೊಡುವವರಿಗೆ ನೋಡಲು ಪುರುಸೊತ್ತೆಲ್ಲಿ?"

"ಹಾಗಾದರೆ ಒಮ್ಮೆ ನೋಡಿ ಬಂದು ಹೇಳಿ. ನಾನೆಲ್ಲಿ ಹೋಗುತ್ತೇನೆ?"

ಹಲ್ಲಿ ಗತ್ತಿನಿಂದ ಮುಂಬದಿಗೆ ಬಂತು. ಚಿತ್ರದ ತುಂಬ ಬಾಯಿ ತೆರೆದ ಬೆಕ್ಕು. ಹಲ್ಲಿಯ ಜೀವ ಬಾಯಿಗೆ ಬಂತು. ಬಾಲವನ್ನು ಅಲ್ಲೇ ಕಳಚಿ ಚಾವಣಿಗೆ ಓಡಿತು. ಪತಂಗ ಕಿಟಕಿಯಿಂದ ಹಾರಿಹೋಯಿತು.

ಕೆಳಗೆ ಬಿದ್ದ ಬಾಲ ಥಕಥೈ ಕುಣಿಯತೊಡಗಿತು. ಚಿತ್ರ ನೋಡಲು ಬಂದಿದ್ದ ಜನ ಸುತ್ತುವರಿದರು. ಚಿದಂಬರಯ್ಯನವರು ಕನ್ನಡಕ ಏರಿಸಿ ಬಗ್ಗಿ ನೋಡಿ, "ನಮ್ಮ ಕಾಲದ ತಳಮಳವನ್ನೇ ಹಿಡಿದಿಟ್ಟ ಕೃತಿ ಇದು. ಕಲಾವಿದರು ಯಾರೋ?" ಎಂದರು.

"ಅಯ್ಯಾ, ಅದು ನನ್ನ ಬಾಲ" ಎಂದು ಹಲ್ಲಿ ಮೇಲಿನಿಂದ ಗಂಟಲು ಹರಿಯುವಂತೆ ಕೂಗಿತು.

ಕೆಳಗಿದ್ದವರಿಗೆ ಕೇಳಿಸಿದ್ದು ಲೊಚಲೊಚ ಮಾತ್ರ.

"ಕೃಷ್ಣ ಕೃಷ್ಣ," ಎಂದರು ಎಲ್ಲರೂ ಚಿಟಿಕೆ ಹೊಡೆದು, "ಹಲ್ಲಿಯೂ ಒಪ್ಪಿತು."