ಬಾವಿ ಹೇಳಿದ ಸಾಕ್ಷಿ

ಊರ ಬಾವಿಯ ನೀರು ತಿಳಿಯಾಗಿರಲಿ, ಹುಳು-ಪಾಚಿಗಳನ್ನು ತಿಂದುಕೊಂಡಿರಲಿ ಎಂದು ಹಿರಿಯರು ಅದರೊಳಗೆ ಒಂದು ಆಮೆ ಬಿಟ್ಟಿದ್ದರು. ಮಧ್ಯಾಹ್ನ ಬಿಸಿಲು ಬೀಳುವ ಒಂದೇ ಕಲ್ಲಿನ ಮೇಲೆ ಆಮೆ ಮೈ ಕಾಯಿಸುತ್ತಿತ್ತು. ಆ ಕಲ್ಲಿನ ಮೇಲೆ ಅದೇ ಬಾವಿಯಲ್ಲಿದ್ದ ಕಪ್ಪೆಯೊಂದರ ಕಣ್ಣಿತ್ತು.

ಬೇಸಿಗೆಯಲ್ಲಿ ನೀರು ತುಸು ಸಪ್ಪೆಯಾಯಿತು. ಹಗ್ಗದಲ್ಲಿ ಇಳಿದ ಬಿಂದಿಗೆಗೆ ಕಪ್ಪೆ ಹೇಳಿತು: “ಬಿಂದಿಗೆಯಕ್ಕಾ, ಆಮೆ ನೀರಿಗೆ ವಿಷ ಹಾಕಿದೆ. ನನ್ನೊಬ್ಬನ ಮಾತು ನಂಬಬೇಡಿ, ಊರೇನು ಹೇಳುತ್ತದೋ ಕೇಳಿ.” ಹೀಗೆಂದು ಗಂಟಲು ಹರಿಯುವಂತೆ ಕೂಗಿತು: “ವಿಷ ಹಾಕಿದೆ!”

“ವಿಷ ಹಾಕಿದೆ! ಹಾಕಿದೆ! ಹಾಕಿದೆ!” ಎಂದವು ಬಾವಿಯ ಗೋಡೆಗಳು.

“ಅಯ್ಯೋ, ಇಷ್ಟು ಜನ ಹೇಳಿದ ಮೇಲೆ ಸುಳ್ಳಾದೀತೇ?” ಎಂದಿತು ಬಿಂದಿಗೆ.

ಆಮೆ ಕತ್ತು ಹೊರಚಾಚಿತು. “ಅಕ್ಕಾ, ನಾನೂ ಇದೇ ನೀರು ಕುಡಿಯುವವನು. ವಿಷ ಹಾಕಿದ್ದರೆ ಮೊದಲು ಸಾಯಬೇಕಾದವನು ನಾನಲ್ಲವೇ?”

“ಕೇಳಿದಿರಾ? ಇನ್ನೂ ಸತ್ತಿಲ್ಲ! ಬೇರೆ ಸಾಕ್ಷಿ ಬೇಕೇ?” ಎಂದಿತು ಕಪ್ಪೆ.

ಬಿಂದಿಗೆ ಮೇಲೆ ಹೋಗಿ ಕಟ್ಟೆಯ ಮೇಲಿದ್ದ ಕೊಡಗಳಿಗೆಲ್ಲ ಸುದ್ದಿ ಹೇಳಿತು. ಮರುದಿನ ಊರಿನವರು ಆಮೆಯನ್ನು ಎತ್ತಿ ದೂರದ ಬಯಲಿಗೆ ಎಸೆದರು.

ತಿಂಗಳೊಳಗೆ ನೀರು ಹಸಿರಾಗಿ ನಾರತೊಡಗಿತು. “ಕಪ್ಪೆರಾಯರೇ, ಆಮೆ ಹೋಯಿತಲ್ಲ, ನೀರು ಯಾಕೆ ಹೀಗಾಯಿತು?” ಎಂದು ಬಿಂದಿಗೆ ಕೇಳಿತು.

ಕಪ್ಪೆ ಬಿಸಿಲುಗಲ್ಲಿನ ಮೇಲೆ ಕಾಲು ಚಾಚಿ ಮಲಗಿತ್ತು. “ಎಂಥಾ ವಿಷ ನೋಡಿ ಅಕ್ಕಾ! ಅವನು ಹೋದರೂ ಅದು ಹೋಗಿಲ್ಲ!”

“ಹೋಗಿಲ್ಲ! ಹೋಗಿಲ್ಲ!” ಎಂದಿತು ಬಾವಿ.

ಬಿಂದಿಗೆ ತಲೆಯಾಡಿಸಿ, ಆ ಮಾತನ್ನೂ ನೀರಿನ ಹುಳುಗಳನ್ನೂ ಒಟ್ಟಿಗೇ ತುಂಬಿಕೊಂಡು ಊರಿಗೆ ಕುಡಿಸಲು ಮೇಲೆ ಹೋಯಿತು.